ಬೆಳಿಗ್ಗೆ ನಡುಕ, ಮಧ್ಯಾಹ್ನ ಬೆವರು: ಮೈಸೂರು–ಮಂಡ್ಯ ಚಳಿಗೆ ನೀವು ಏನು ಹಾಕ್ತೀರಿ?

ಕುವೆಂಪುನಗರ_ಸ್ಕೂಟಿ:
ಎಲ್ಲರಿಗೂ ನಮಸ್ಕಾರ. ಗಂಭೀರವಾಗೇ ಕೇಳ್ತಿದೀನಿ, ನಗಬೇಡಿ. ಹೊಸ ಕೆಲಸ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ. ಬೆಳಿಗ್ಗೆ ಆರೂವರೆಗೆ ಸ್ಕೂಟಿ ಹತ್ತಬೇಕು. ಆ ಹೊತ್ತಿಗೆ ರಿಂಗ್ ರೋಡಲ್ಲಿ ಮಂಜು, ಬೆರಳು ಮರಗಟ್ಟಿ ಬ್ರೇಕ್ ಹಿಡಿಯೋದೇ ಕಷ್ಟ. ಆಫೀಸಲ್ಲಿ ಎ.ಸಿ. ಊಟಕ್ಕೆ ಹೊರಗೆ ಬಂದ್ರೆ ನೆತ್ತಿ ಸುಡೋ ಬಿಸಿಲು. ಸಂಜೆ ಏಳಕ್ಕೆ ಮತ್ತೆ ಥಂಡಿ. ಅಮ್ಮ ಕೊಟ್ಟ ಮರೂನ್ ಸ್ವೆಟರ್ ಹಾಕ್ಕೊಂಡ್ರೆ ಕನ್ನಡಿಯಲ್ಲಿ ನಮ್ಮ ಹೈಸ್ಕೂಲ್ ಹೆಡ್‌ಮೇಡಂ ಕಾಣಿಸ್ತಾರೆ. ಇದರ ಮೇಲೆ ಧನುರ್ಮಾಸ ಬರ್ತಿದೆ, ಅತ್ತೆ ಜೊತೆ ಬೆಳಗಿನ ಜಾವ ಒಂಟಿಕೊಪ್ಪಲಿನ ವೆಂಕಟರಮಣಸ್ವಾಮಿ ದೇವಸ್ಥಾನಕ್ಕೆ ಹೋಗ್ಬೇಕು. ಸೀರೆಯಲ್ಲಿ.

ಆನ್‌ಲೈನಲ್ಲಿ ಹುಡುಕಿದ್ರೆ ಎಲ್ಲಾ ದೆಹಲಿ, ಶಿಮ್ಲಾದವರ ಸಲಹೆ. ಮೊಣಕಾಲುದ್ದ ಕೋಟು, ಬೂಟು. ನಮ್ಮೂರಲ್ಲಿ ಅದನ್ನ ಹಾಕ್ಕೊಂಡು ದೇವರಾಜ ಅರಸು ರಸ್ತೆಯಲ್ಲಿ ನಡೆದ್ರೆ ಶೂಟಿಂಗ್ ಎಲ್ಲಿ ಅಂತ ಕೇಳ್ತಾರೆ. ನವೆಂಬರಿಂದ ಸಂಕ್ರಾಂತಿ ತನಕ ನೀವೆಲ್ಲ ಏನು ಹಾಕ್ತೀರಿ?

ಚಳಿಗೆ_ಬಜ್ಜಿ:
ಮೆಣಸಿನಕಾಯಿ ಹಾಕ್ತೀನಿ. ಎಣ್ಣೆಗೆ.

ಗಂಗೋತ್ರಿ_ಹಳಬ:
ಡಿಸೆಂಬರ್–ಜನವರಿಯಲ್ಲಿ ಮೈಸೂರಿನ ಸರಾಸರಿ ಕನಿಷ್ಠ ಉಷ್ಣಾಂಶ 16–17 ಡಿಗ್ರಿ, ಗರಿಷ್ಠ 27–28. ಕಾಡೋದು ಈ ಹನ್ನೊಂದು ಡಿಗ್ರಿ ಅಂತರ. ಹಾಗಾಗಿ ಅಂಗಡಿಯಲ್ಲಿ "ಇದು ಬೆಚ್ಚಗಿರುತ್ತಾ" ಅಂತ ಕೇಳೋ ಮೊದಲು "ಹನ್ನೊಂದು ಗಂಟೆಗೆ ಕಳಚಿದ ಮೇಲೆ ಇದನ್ನ ಎಲ್ಲಿ ತುರುಕಲಿ" ಅಂತ ಯೋಚಿಸಿ. ಬ್ಯಾಗಿಗೆ ಹಿಡಿಸದ ಸ್ವೆಟರ್ ನಮ್ಮೂರಿಗೆ ದಂಡ. ದಪ್ಪದ್ದು ಒಂದರ ಬದಲು ತೆಳ್ಳಗಿನವು ಎರಡು ಇಟ್ಟುಕೊಳ್ಳಿ.

ಇನ್ನೊಂದು. ಇಲ್ಲಿ ಚಳಿ ಎರಡು ಥರ. ನವೆಂಬರ್, ಡಿಸೆಂಬರ್ ಶುರುವಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದ್ರೆ ಇಲ್ಲಿ ದಿನವಿಡೀ ಮೋಡ, ಜಿಟಿಜಿಟಿ. 2024ರ ಫೆಂಗಲ್ ಚಂಡಮಾರುತದ ದಿನಗಳನ್ನ ನೆನೆಸಿಕೊಳ್ಳಿ. ರಾತ್ರಿ ಉಷ್ಣಾಂಶ ಅಷ್ಟೇನೂ ಇಳಿಯಲ್ಲ, ಆದ್ರೆ ಹಗಲಿನದು ಏಳೋದೇ ಇಲ್ಲ. ಈ ಒದ್ದೆ ಚಳಿಗೆ ಸ್ವೆಟರಿಗಿಂತ ನೀರು ತಡೆಯೋ ತೆಳು ಜರ್ಕಿನ್ ಮೇಲು. ಜನವರಿಯದು ಒಣ ಚಳಿ. ಆಕಾಶ ಶುಭ್ರ, ನೆಲದ ಕಾವೆಲ್ಲ ರಾತ್ರಿ ಮೇಲಕ್ಕೆ ಹೊರಟು ಹೋಗಿರುತ್ತೆ, ಸೂರ್ಯ ಹುಟ್ಟೋ ಹೊತ್ತಿಗೆ ಚಳಿ ಉತ್ತುಂಗ, ಎಂಟೂವರೆಗೆ ನಾಪತ್ತೆ. ಉಣ್ಣೆ, ಶಾಲು ಎಲ್ಲ ಇದಕ್ಕೆ. ಎರಡಕ್ಕೂ ಒಂದೇ ಬಟ್ಟೆ ಹುಡುಕಿದ್ರೆ ಎರಡಕ್ಕೂ ಆಗದ ಬಟ್ಟೆ ಸಿಗುತ್ತೆ.

ವಿಸಿ_ನಾಲೆ_ಪಕ್ಕ:
ಸಾರ್ ಯೋಳಿದ್ ಸರಿ ಕನ. ಆದ್ರೆ ಮೈಸೂರ್ ಒಳ್ಗೆ ಬಿಲ್ಡಿಂಗ್ ಮಧ್ಯ ಇರೋರ್ಗೆ ಏನ್ ಚಳಿ ಬುಡಿ. ನಮ್ ಮಂಡ್ಯ ಕಡೆ ಬನ್ನಿ, ನಾಲೆ ಮಗ್ಗುಲ್ಗೆ, ಕಬ್ಬಿನ್ ಗದ್ದೆ ಒಳಿಕ್ಕೆ. ರಾತ್ರಿ ಎರಡ್ಗಂಟೆಗೆ ಪಂಪ್‌ಸೆಟ್‌ಗೆ ಕರೆಂಟ್ ಕೊಟ್ರೆ ಎದ್ದೋಗಿ ನೀರ್ ಕಟ್ಬೇಕು. ಕಾಲು ನೀರಲ್ಲಿ, ತಲೆ ಮಂಜಲ್ಲಿ. ಕಿವಿ ಮುಚ್ಚಂಗೆ ಟವಲ್ಲು ಸುತ್ಕಂಡು ಮೇಲೆ ಕಂಬ್ಳಿ ಕೊಪ್ಪೆ ಹಾಕ್ಕಂಡ್ರೆ ಅದೇ ನಮ್ ಫ್ಯಾಷನ್ನು. ಅಪ್ಪನ್ ಕಂಬ್ಳಿ ಇನ್ನೂ ಐತೆ, ಚಳ್ಳಕೆರೆ ಕಡೇದು. ಚುಚ್ತದೆ, ಇಲ್ಲ ಅನ್ನಕಿಲ್ಲ. ಆದ್ರೆ ಸಣ್ ಹನಿ ಬಿದ್ರೆ ಮೈಗೆ ನೀರು ಇಳಿಯಕಿಲ್ಲ.

ಬೆಳಗಾನೆ ಆಲೆಮನೆಗೆ ಹೋಗಿ ನೋಡಿ ಒಂದ್ಸಲ. ಕೊಪ್ಪರಿಗೆ ಮುಂದೆ ನಿಂತೋರು ಬರೀ ಬನೀನಲ್ಲಿ ಬೆವರ್ತಾ ಇರ್ತಾರೆ, ಹತ್ ಮಾರು ಆಚೆ ನಾವು ಹಲ್ ಕಟಕಟ ಅಂತ ನಿಂತಿರ್ತೀವಿ. ಅವ್ರು ಅಂಗೇ ಆಚೆಗೆ ಬರಕಿಲ್ಲ. ಒಣ ಟವಲ್ಲು ಮಡಗಿರ್ತಾರೆ, ಬೆವರು ಒರೆಸ್ಕಂಡು, ಅಂಗಿ ಹಾಕ್ಕಂಡೇ ಬರದು.

ನೂಲು_ಲೆಕ್ಕ:
ಆಲೆಮನೆಯವರು ಮಾಡೋದರಲ್ಲಿ ಅರ್ಧ ಜವಳಿ ವಿಜ್ಞಾನ ಇದೆ. ಬೆವರಿನ ಒದ್ದೆ ಬಟ್ಟೆ ಮೈಗೆ ಅಂಟಿದ್ದರೆ ಮೇಲೆ ಎಂಥ ಸ್ವೆಟರ್ ಹಾಕಿದ್ರೂ ಚಳಿಯೇ. ಸಾಮಾನ್ಯ ಗಾಳಿಯಲ್ಲಿ ಹತ್ತಿ ತನ್ನ ತೂಕದ ಸುಮಾರು ಶೇ 8ರಷ್ಟು ತೇವ ಹಿಡಿದಿರುತ್ತೆ, ರೇಷ್ಮೆ ಶೇ 11, ಉಣ್ಣೆ ಶೇ 16. ಪಾಲಿಯೆಸ್ಟರ್ ಶೇ 1ಕ್ಕಿಂತ ಕಡಿಮೆ. ಉಣ್ಣೆ ಇಷ್ಟು ತೇವ ಕುಡಿದೂ ಮೈಗೆ ತಣ್ಣಗೆ ತಾಗಲ್ಲ. ಅದರ ಎಳೆ ಗುಂಗುರು ಗುಂಗುರು, ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತೆ. ನಮ್ಮನ್ನ ಬೆಚ್ಚಗಿಡೋದು ಆ ಅಲ್ಲಾಡದ ಗಾಳಿ. ಸ್ಕೂಟರಲ್ಲಿ ಹೋಗುವಾಗ ಎದುರುಗಾಳಿ ಅದನ್ನೇ ಕಿತ್ತುಕೊಂಡು ಹೋಗುತ್ತೆ. ಅದಕ್ಕೇ ಕೈ ಹೆಣಿಗೆಯ ಸ್ವೆಟರ್ ಮನೆಯೊಳಗೆ ಸುಖ, ಗಾಡಿಯಲ್ಲಿ ಜರಡಿ. ಸ್ವೆಟರ್ ಮೇಲೆ ತೆಳ್ಳಗಿನ ವಿಂಡ್‌ಚೀಟರ್ ಒಂದಿದ್ರೆ ಪೂರ್ತಿ ಲೆಕ್ಕವೇ ಬದಲಾಗುತ್ತೆ.

ಪೇಟೆಯಲ್ಲಿ "ಉಲ್ಲನ್" ಅಂತ ಸಿಗೋ ಅಗ್ಗದ ಮಾಲು ಬಹುಪಾಲು ಅಕ್ರಿಲಿಕ್. ಅಂಚಿನಿಂದ ಒಂದೆಳೆ ಕಿತ್ತು, ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದ್ರೆ ಉಣ್ಣೆ. ಕರಗಿ ಗಟ್ಟಿ ಮಣಿ ಆದ್ರೆ ಅಕ್ರಿಲಿಕ್. ಅಕ್ರಿಲಿಕ್ ಕೆಟ್ಟದ್ದು ಅಂತಲ್ಲ, ಹಗುರ, ನುಸಿ ಹತ್ತಲ್ಲ, ಒಗೆಯೋದು ಸುಲಭ. ಆದ್ರೆ ಆ ಶಾಲು ಹೊದ್ದು ಒಲೆ ಮುಂದೆ, ಕರ್ಪೂರದ ಆರತಿ ಹತ್ತಿರ ಬಗ್ಗಬೇಡಿ. ಕಿಡಿ ಬಿದ್ರೆ ಕರಗಿ ಚರ್ಮಕ್ಕೇ ಅಂಟುತ್ತೆ.

ಕುವೆಂಪುನಗರ_ಸ್ಕೂಟಿ:
ಮರೂನ್ ಸುಟ್ಟು ನೋಡಿದೆ. ಮುದ್ದಾದ ಮಣಿ ಆಯ್ತು. ಅಮ್ಮನಿಗೆ ಹೇಳಲ್ಲ. ಅದನ್ನ ಆಫೀಸಿನ ಎ.ಸಿ.ಗೆ ಅಂತ ಕುರ್ಚಿ ಮೇಲೇ ಬಿಡೋದು ಅಂತ ತೀರ್ಮಾನ.

ವಿಸಿ_ನಾಲೆ_ಪಕ್ಕ:
ನೂಲು ಸಾರ್, ನಮ್ ಬಂಡೂರ್ ಕುರಿ ಉಣ್ಣೆಲಿ ಸ್ವೆಟರ್ ಮಾಡಕಾಗಲ್ವಾ?

ನೂಲು_ಲೆಕ್ಕ:
ಬಂಡೂರು ಕುರಿಯ ಕೀರ್ತಿ ಎಲ್ಲ ತಟ್ಟೆಯಲ್ಲಿ. ಮೈಮೇಲಿನದು ಒರಟು ಕೂದಲು, ಸ್ವೆಟರಿಗೆ ಬರಲ್ಲ. ನಿಮ್ಮ ಅಪ್ಪನ ಕಂಬಳಿ ದಖ್ಖನಿ ಕುರಿಯದು. ಅದಕ್ಕೆ ನೇಯುವಾಗ ಹಾಸಿನ ನೂಲಿಗೆ ಹುಣಸೆ ಬೀಜದ ಅಂಬಲಿ ಬಳಿದಿರ್ತಾರೆ, ಹೊಸದರಲ್ಲಿ ಆ ಬಿರುಸು ಅದರಿಂದ.

ಯುವರಾಜ_ಹಾಸ್ಟೆಲ್:
ಇಷ್ಟೆಲ್ಲ ಯಾಕೆ, ಒಂದು ಕಪ್ಪು ಹೂಡಿ ಸಾಕು. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಕ್ಯಾಂಟೀನು, ರಾತ್ರಿ ದಿಂಬು.

ಗಂಗೋತ್ರಿ_ಹಳಬ:
ಒಗೆಯೋದು ಯಾವಾಗ?

ಯುವರಾಜ_ಹಾಸ್ಟೆಲ್:
ಊರಿಗೆ ಹೋದಾಗ ಸಾರ್.

ಸರಸ್ವತೀಪುರಂ_ಅಜ್ಜಿ:
ನಿವೃತ್ತ ಟೀಚರ್ ನಾನು, ಹೆಡ್‌ಮೇಡಂಗಳ ಪರವಾಗಿ ಒಂದು ಆಕ್ಷೇಪ ದಾಖಲಿಸಿ ಮುಂದುವರಿಯುತ್ತೇನೆ. ಮಗೂ, ಸೀರೆ ವಿಚಾರಕ್ಕೆ ಬರೋಣ. ನಿನಗೆ ಅಡ್ಡ ಬರುತ್ತಿರೋದು ಸೀರೆ ಅಲ್ಲ, ರವಿಕೆ. ಇಡೀ ವರ್ಷ ತೋಳಿಲ್ಲದ, ಬೆನ್ನು ಬಿಟ್ಟ ರವಿಕೆ ಹೊಲಿಸಿ ಚಳಿಗಾಲಕ್ಕೆ ಮೇಲೊಂದು ಸ್ವೆಟರ್ ಹೇರಿದರೆ ಅಂದ ಎಲ್ಲಿಂದ ಬರಬೇಕು? ಮುಕ್ಕಾಲು ತೋಳಿನ, ಕುತ್ತಿಗೆ ಮುಚ್ಚುವ ರವಿಕೆ ಎರಡು ಹೊಲಿಸು. ಕಪ್ಪು ಒಂದು, ಸಾಸಿವೆ ಹಳದಿ ಒಂದು, ಹೆಚ್ಚುಕಡಿಮೆ ಎಲ್ಲ ಸೀರೆಗೂ ಒಪ್ಪುತ್ತೆ. ಲಂಗದ ಒಳಗೆ ಕಾಲಿಗೆ ತೆಳುವಾದ ಲೆಗ್ಗಿಂಗ್ಸ್. ಯಾರಿಗೂ ಕಾಣದು, ಸುಖ ನಿನ್ನದು.

ಮೇಲೆ ಶಾಲು. ಅದನ್ನು ಹೊದ್ದುಕೊಂಡು ಮುದುರಿ ಕೂರಬೇಡ, ಚಳಿ ಜ್ವರ ಬಂದವರ ಹಾಗೆ ಕಾಣುತ್ತೆ. ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ ಎಡ ಹೆಗಲಿಗೆ ಪಿನ್ ಹಾಕು, ಬಲಗಡೆ ತುದಿ ಬೆನ್ನಿನಿಂದ ತಂದು ಮುಂಗೈ ಮೇಲೆ ಬಿಡು. ಸೆರಗಿನ ಅಂಚೂ ಕಾಣುತ್ತೆ, ಕುತ್ತಿಗೆಯೂ ಬೆಚ್ಚಗೆ. ಅಂದ ಹಾಗೆ, ಧನುರ್ಮಾಸದ ಹುಗ್ಗಿ ತಿನ್ನಲು ಬಲಗೈ ಖಾಲಿ ಇರಬೇಕು.

ಧನುರ್ಮಾಸಕ್ಕೆ ಮೈಸೂರು ರೇಷ್ಮೆಯೇ ಉಡು. ರೇಷ್ಮೆ ತಾನೇ ಬೆಚ್ಚಗಿರುತ್ತೆ.

ನೂಲು_ಲೆಕ್ಕ:
ಅಜ್ಜಿ, ಕೊನೆಯ ಮಾತಿಗೆ ಸಣ್ಣ ತಕರಾರು. ರೇಷ್ಮೆ ಶಾಖ ಬಿಟ್ಟುಕೊಡಲ್ಲ ಅನ್ನೋದು ನಿಜ. ಆದರೆ ಮೈಸೂರಿನ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯಲ್ಲಿ 1912ರಿಂದ ನೇಯುತ್ತಿರೋ ನಮ್ಮ ಕ್ರೇಪ್ ರೇಷ್ಮೆ ಬಿಗಿಯಾಗಿ ಹುರಿ ಹಾಕಿದ ನುಣುಪು ಎಳೆಯದು. ಗಾಳಿ ನಿಲ್ಲೋಕೆ ಜಾಗವೇ ಇಲ್ಲ, ಜಾರಿ ಬೀಳೋ ಅದರ ಅಂದವೂ ಅದರಿಂದಲೇ. ಬೆಚ್ಚಗೆ ಬೇಕು ಅಂದ್ರೆ ಅಸ್ಸಾಮಿನ ಎರಿ ರೇಷ್ಮೆ ಶಾಲು ನೋಡಿ. ಅದು ಹತ್ತಿಯ ಹಾಗೆ ನೂತ ರೇಷ್ಮೆ, ಎಳೆ ಮೇಲೆ ಜೂಲು ಇರುತ್ತೆ, ಗಾಳಿ ಹಿಡಿದಿಡುತ್ತೆ.

ಸರಸ್ವತೀಪುರಂ_ಅಜ್ಜಿ:
ಎಪ್ಪತ್ತು ದಾಟಿದ ಮೈಗೆ ಬೆಚ್ಚಗಾದದ್ದು ಬೆಚ್ಚಗೇ ಆಯಿತು, ನಿಮ್ಮ ಹುರಿ ಲೆಕ್ಕ ಅದಕ್ಕೆ ಗೊತ್ತಿಲ್ಲ. ಎರಿ ಶಾಲಿನ ಸಲಹೆ ಒಪ್ಪಿದೆ. ಮಗೂ, ಇನ್ನೊಂದು: ರೇಷ್ಮೆ ಸೀರೆ ಮೇಲೆ ಜುಂಗು ಜುಂಗಾದ ಸ್ವೆಟರ್ ಬೇಡವೇ ಬೇಡ. ಜರಿಗೆ ಸಿಕ್ಕಿ ಎಳೆ ಎದ್ದು ಬರುತ್ತೆ. ಕೆ.ಎಸ್.ಐ.ಸಿ. (ಸರ್ಕಾರದ ರೇಷ್ಮೆ ನಿಗಮ) ಸೀರೆಯ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ. ಸುಮ್ಮನೆ ಬರುವ ಬೆಲೆಯಲ್ಲ ಅದು. ಸೆಂಟು ಹೊಡೆಯೋದಾದರೆ ಉಡುವ ಮೊದಲೇ ಹೊಡೆದುಕೋ.

ಬೆಳಗಿನ_ರೈಲು:
ಮಂಡ್ಯದಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡೋನು. ಸೀಟು ಸಿಗೋದೇ ಪುಣ್ಯ, ಸಿಕ್ಕರೆ ಯಾವಾಗಲೂ ಗ್ಲಾಸು ಇಳಿಯದ ಕಿಟಕಿ ಪಕ್ಕ. ನಮ್ಮ ಡಬ್ಬಿಯಲ್ಲಿ ಗಂಡಸರ ಚಳಿಗಾಲದ ಡ್ರೆಸ್ಸು ಒಂದೇ: ಇಸ್ತ್ರಿ ಮಾಡಿದ ಫಾರ್ಮಲ್ ಶರ್ಟು, ಅದರ ಮೇಲೆ ಎಲ್ಲೋ ಫ್ರೀ ಸಿಕ್ಕ ಕಂಪನಿ ಜರ್ಕಿನ್, ತಲೆಗೆ ಮಂಕಿ ಕ್ಯಾಪ್. ಕೆಂಗೇರಿ ಬಂತು ಅಂದ್ರೆ ಮಂಕಿ ಕ್ಯಾಪ್ ಎಲ್ಲಾ ಒಟ್ಟಿಗೆ ಮಾಯ. ಬೆಂಗಳೂರಿನವರ ಕಣ್ಣಿಗೆ ಬೀಳಬಾರದು ನೋಡಿ!

ನನ್ನ ಅಭಿಪ್ರಾಯ, ಗಂಡಸರಿಗೆ ತೋಳಿಲ್ಲದ ವಿ ಕುತ್ತಿಗೆಯ ಸ್ವೆಟರ್‌ನಷ್ಟು ಉಪಯೋಗದ ಬಟ್ಟೆ ಇನ್ನೊಂದಿಲ್ಲ. ಎದೆ, ಬೆನ್ನು ಬೆಚ್ಚಗಿದ್ರೆ ತೋಳು ಹೇಗೋ ತಡೆಯುತ್ತೆ. ಕಾಲರ್ ನೆಟ್ಟಗೆ ನಿಲ್ಲುತ್ತೆ, ಮೀಟಿಂಗಿಗೂ ನಡೆಯುತ್ತೆ, ಕಳಚಿದ್ರೆ ಊಟದ ಡಬ್ಬಿ ಪಕ್ಕ ಕೂರುತ್ತೆ. ಬೂದು ಅಥವಾ ಕಡು ನೀಲಿ ತಗೊಳ್ಳಿ, ಚೌಕುಳಿ ಚೌಕುಳಿ ಬೇಡ, ಶರ್ಟಲ್ಲಿ ಆಗಲೇ ಚೌಕುಳಿ ಇರುತ್ತೆ.

ಬೈಕಲ್ಲಿ ಹೋಗೋರಿಗೆ: 2023ರ ಆಗಸ್ಟಿಂದ ಮೈಸೂರು–ಬೆಂಗಳೂರು ಹೈವೇ ಮುಖ್ಯ ರಸ್ತೆಗೆ ದ್ವಿಚಕ್ರ ಬಿಡಲ್ಲ, ಸರ್ವಿಸ್ ರೋಡಲ್ಲೇ ಬರಬೇಕು. ಗದ್ದೆ ಬಯಲಿಗೆ ತಾಗಿಕೊಂಡಿರೋ ಕಡೆ ಮಂಜು ಕವಿದಿರುತ್ತೆ. ಚಳಿಗಾಲ ಅಂದ್ರೆ ಎಲ್ಲರೂ ಕಪ್ಪು ಜರ್ಕಿನ್ನೇ ಯಾಕೆ ತಗೋತಾರೋ. ಲಾರಿಯವನಿಗೆ ನೀವು ಕಾಣಲ್ಲ. ತಿಳಿ ಬಣ್ಣದ್ದು, ಬೆನ್ನಿಗೆ ಬೆಳಕು ಬಿದ್ರೆ ಹೊಳೆಯೋ ಪಟ್ಟಿ ಇರೋದು ತಗೊಳ್ಳಿ. ಜರ್ಕಿನ್ ಮರೆತ ದಿನ ದಿನಪತ್ರಿಕೆಯನ್ನ ಮಡಚಿ ಶರ್ಟಿನೊಳಗೆ ಎದೆಗೆ ಇಟ್ಟುಕೊಂಡು ನೋಡಿ, ಗಾಳಿ ತೂರಲ್ಲ. ಲಾರಿ ಕ್ಲೀನರ್‌ಗಳು ಹೇಳಿಕೊಟ್ಟದ್ದು.

ಕುವೆಂಪುನಗರ_ಸ್ಕೂಟಿ:
ಅಜ್ಜಿ, ಶಾಲು ಪಿನ್ ಮಾಡಿ ಸ್ಕೂಟಿ ಓಡಿಸಬಹುದಾ?

ಬೆಳಗಿನ_ರೈಲು:
ಅಜ್ಜಿಗಿಂತ ಮೊದಲು ನಾನೇ ಹೇಳ್ತೀನಿ, ಬೇಡ. ದುಪ್ಪಟ್ಟ, ಶಾಲು, ಸೆರಗು ಚಕ್ರಕ್ಕೆ ಸಿಕ್ಕಿ ಆಗೋ ಅಪಘಾತ ಕಡಿಮೆ ಏನಿಲ್ಲ. ಶಾಲು ಡಿಕ್ಕಿಯಲ್ಲಿ, ದೇವಸ್ಥಾನದ ಬಾಗಿಲಲ್ಲಿ ಹೊದ್ದುಕೊಳ್ಳಿ. ಗಾಡಿಗೆ ಜಿಪ್ ಇರೋ ವಿಂಡ್‌ಚೀಟರ್. ಕುತ್ತಿಗೆಗೆ ಮಫ್ಲರ್ ಬದಲು ಟ್ಯೂಬ್ ಥರ ತಲೆಯಿಂದ ಇಳಿಸೋ ಬಟ್ಟೆ ಸಿಗುತ್ತೆ, ಹೆಲ್ಮೆಟ್ ಒಳಗೂ ಹಿಡಿಸುತ್ತೆ. ದಪ್ಪ ಉಲ್ಲನ್ ಟೋಪಿ ಮೇಲೆ ಹೆಲ್ಮೆಟ್ ಏರಿಸಬೇಡಿ, ಸರಿಯಾಗಿ ಕೂರಲ್ಲ. ಕೈಗೆ ಗ್ಲೌಸ್ ಮಾತ್ರ ಬಿಡಬೇಡಿ. ಎಲ್ಲಕ್ಕಿಂತ ಮೊದಲು ಸೋಲೋದು ಬೆರಳು.

ಚಳಿಗೆ_ಬಜ್ಜಿ:
ಮಫ್ಲರ್ ಬಿಟ್ಟರೆ ನಮ್ಮ ಮಾವ ವಿಚ್ಛೇದನ ಕೊಡ್ತಾರೆ. ಅಕ್ಟೋಬರ್‌ನಲ್ಲಿ ಸುತ್ತಿದ್ದು ಶಿವರಾತ್ರಿ ತನಕ ಬಿಚ್ಚಲ್ಲ.

ಶಿವರಾಂಪೇಟೆ_ಹೊಲಿಗೆ:
ದರ್ಜಿ ಸ್ವಾಮಿ ನಾನು. ಎಲ್ಲರೂ ಕೊಳ್ಳೋ ಮಾತೇ ಆಡ್ತಿದೀರಿ, ಹೊಲಿಸೋ ಮಾತು ಯಾರೂ ಎತ್ತಲಿಲ್ಲ. ನಮ್ಮೂರ ಈ ಚಳಿಗೆ ಹೇಳಿ ಮಾಡಿಸಿದ್ದು ಅಂದ್ರೆ ತೋಳಿಲ್ಲದ, ಅಸ್ತರಿ ಕೊಟ್ಟ ದಪ್ಪ ಖಾದಿ ಜಾಕೆಟ್ಟು. ಗಂಡಸು, ಹೆಂಗಸು ಇಬ್ಬರಿಗೂ. ಕುರ್ತಾ, ಶರ್ಟು, ಸೀರೆ ಎಲ್ಲದರ ಮೇಲೂ ನಡೆಯುತ್ತೆ. ಬಟ್ಟೆಗೆ ದೂರ ಹೋಗಬೇಕಾಗಿಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳಲ್ಲಿ ಖಾದಿ ಇದೆ, ಮೇಲುಕೋಟೆಯ ಜನಪದ ಸೇವಾ ಟ್ರಸ್ಟಿನವರದಿದೆ.

ಹೊಲಿಸುವಾಗ ಏನು ನೋಡಬೇಕು ಹೇಳ್ತೀನಿ. ಖಾದಿಯನ್ನ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ತನ್ನಿ, ಇಲ್ಲದಿದ್ರೆ ಹೊಲಿದ ಮೇಲೆ ಕುಗ್ಗಿ ನನ್ನ ಮೇಲೆ ಜಗಳಕ್ಕೆ ಬರ್ತೀರಿ. ಅಸ್ತರಿ ಬೆನ್ನಿಗೆ ಹತ್ತಿ ಇರಲಿ, ಬೆವರು ಹೀರುತ್ತೆ. ತೋಳಿರೋ ಜಾಕೆಟ್ ಆದ್ರೆ ತೋಳಿಗೆ ಮಾತ್ರ ಜಾರೋ ಬಟ್ಟೆ ಹಾಕಿಸಿ, ಒಳಗಿನ ಕುರ್ತಾ ತೋಳು ಮೇಲಕ್ಕೆ ಸುತ್ತಿಕೊಳ್ಳಲ್ಲ. ಕಂಕುಳು ಅರ್ಧ ಇಂಚು ಸಡಿಲ ಬಿಡಿಸಿ, ಅಳತೆ ಕೊಡೋಕೆ ಬರುವಾಗ ಒಳಗೆ ಏನು ಹಾಕ್ತೀರೋ ಅದನ್ನೇ ಹಾಕ್ಕೊಂಡು ಬನ್ನಿ. ತೆಳು ಟೀ ಶರ್ಟಲ್ಲಿ ಅಳತೆ ಕೊಟ್ಟು ಆಮೇಲೆ ಸ್ವೆಟರ್ ಮೇಲೆ ಬಟನ್ ಕೂರ್ತಿಲ್ಲ ಅಂದ್ರೆ ನಾನೇನು ಮಾಡಲಿ? ಒಳಜೇಬು ಒಂದು ಕೇಳಿ. ಹೆಂಗಸರ ಬಟ್ಟೆಗೆ ಜೇಬು ಇಡಲ್ಲ ಅಂತ ಬೈಯೋರೆಲ್ಲ ಕೇಳೋದನ್ನೇ ಮರೀತಾರೆ.

ಉದ್ದ: ಕುಳ್ಳಗಿರೋರಿಗೆ ಸೊಂಟಕ್ಕೆ ನಿಲ್ಲಲಿ. ಸೀರೆ ಮೇಲೆ ಹಾಕೋರಿಗೆ ಇನ್ನೂ ಎರಡು ಇಂಚು ಮೇಲೆ, ನೆರಿಗೆ ಒತ್ತಬಾರದು. ಡಿಸೆಂಬರ್ ಹತ್ತಕ್ಕೆ ಬಂದು ಹನ್ನೆರಡಕ್ಕೆ ಕೊಡಿ ಅನ್ನಬೇಡಿ. ಲಗ್ನದ ರವಿಕೆಗಳ ರಾಶಿ ಬಿದ್ದಿರುತ್ತೆ.

ಕುವೆಂಪುನಗರ_ಸ್ಕೂಟಿ:
ಇದು! ಇದನ್ನೇ ಹುಡುಕ್ತಿದ್ದೆ. ಇಟ್ಟಿಗೆ ಬಣ್ಣದ ಖಾದಿ, ಒಳಜೇಬು, ಮೇಲೆ ಗಾಡಿಗೆ ಮಾತ್ರ ವಿಂಡ್‌ಚೀಟರ್. ಮಧ್ಯಾಹ್ನ ವಿಂಡ್‌ಚೀಟರ್ ಡಿಕ್ಕಿಗೆ, ಜಾಕೆಟ್ಟು ಮೈಮೇಲೇ ಇದ್ರೂ ಸೆಕೆ ಆಗಲ್ಲ ಅಲ್ವಾ?

ಶಿವರಾಂಪೇಟೆ_ಹೊಲಿಗೆ:
ಬಟನ್ ಬಿಚ್ಚಿ ಬಿಟ್ಟರೆ ಆಗಲ್ಲಮ್ಮ. ಬಿಚ್ಚಿದ್ರೂ ಚೆನ್ನಾಗಿ ಕಾಣೋ ಹಾಗೆ ಮುಂದಿನ ಪಟ್ಟಿ ಒಳಗೂ ಅದೇ ಬಟ್ಟೆ ಕೊಡ್ತೀನಿ.

ಸರಸ್ವತೀಪುರಂ_ಅಜ್ಜಿ:
ನಿಜವಾದ ಉಣ್ಣೆ ಇಟ್ಟುಕೊಂಡವರು ಕೇಳಿ, ತಣ್ಣೀರಲ್ಲಿ ಒಗೆಯಿರಿ, ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆ ಮೇಲೆ ಮಲಗಿಸಿ ನೆರಳಲ್ಲಿ ಒಣಗಿಸಿ. ತಂತಿಗೆ ನೇತು ಹಾಕಿದರೆ ತೋಳು ಮೊಣಕಾಲಿಗೆ ಬರುತ್ತೆ. ಶಿವರಾತ್ರಿ ಆದಮೇಲೆ ಒಗೆದೇ ಎತ್ತಿಡಿ, ನುಸಿಗೆ ಬೆವರು, ಎಣ್ಣೆ ಹತ್ತಿದ ಉಣ್ಣೆ ಇಷ್ಟ. ನುಸಿಗುಳಿಗೆಯನ್ನು ರೇಷ್ಮೆ ಸೀರೆಗೆ ತಾಗಿಸಬೇಡಿ, ಜರಿ ಕೆಡುತ್ತೆ.

ಯುವರಾಜ_ಹಾಸ್ಟೆಲ್:
ಹೂಡಿ ಒಗೆದೆ. ಬಣ್ಣ ಕಪ್ಪಲ್ಲ, ಕಡು ಹಸಿರು ಅಂತ ಈಗ ಗೊತ್ತಾಯ್ತು.

ವಿಸಿ_ನಾಲೆ_ಪಕ್ಕ:
ಹೊಲಿಗೆ ಅಣ್ಣ, ಒಂದ್ ಮಾತು. ಅಪ್ಪಂಗೆ ಈಗ ಆ ಕಂಬ್ಳಿ ಹೊರಕ್ಕಾಯ್ತಿಲ್ಲ, ಭಾರ. ಮಧ್ಯ ಬೇರೆ ಹರ್ದೋಗದೆ. ಜರ್ಕಿನ್ ತಂದ್ಕೊಟ್ರೆ "ಪಿಲಾಸ್ಟಿಕ್ ಚೀಲ" ಅಂತ ಎಸೀತಾರೆ. ಅದೇ ಕಂಬ್ಳಿಲಿ ತೋಳಿಲ್ದೇ ಇರೋ ಜಾಕೆಟ್ಟು ಹೊಲ್ಯಕ್ಕಾಯ್ತದಾ?

ಗಂಗೋತ್ರಿ_ಹಳಬ:
ಕಂಬಳಿಗೆ ಕತ್ತರಿ ಹಾಕೋದಾ? ಗದ್ದುಗೆಗೆ ಹಾಸೋ ವಸ್ತು ಅದು. ಮನೆಯಲ್ಲಿ ಒಮ್ಮೆ ಕೇಳಿ.

ವಿಸಿ_ನಾಲೆ_ಪಕ್ಕ:
ಕೇಳ್ದೆ ಸಾರ್. ಪೂಜೆ ಕಂಬ್ಳಿ ಬೇರೆ ಐತೆ, ಅದುನ್ನ ಮುಟ್ಟಂಗಿಲ್ಲ. ಇದು ಗದ್ದೆದು. "ಎಂಗಾದ್ರೂ ಮಾಡು, ಬಿಸಾಕ್ಬೇಡ" ಅಂದ್ರು.

ಶಿವರಾಂಪೇಟೆ_ಹೊಲಿಗೆ:
ಆಗುತ್ತೆ. ಕತ್ತರಿಸಿದ ಕಡೆ ಎಳೆ ಬಿಡುತ್ತೆ, ಸುತ್ತ ಓರೆಪಟ್ಟಿ ಹೊಡೀಬೇಕು. 18ನೇ ನಂಬರ್ ಸೂಜಿ, ನಿಧಾನ ಹೊಲಿಗೆ. ಹರಿದ ಭಾಗ ಬಿಟ್ಟು ಎರಡು ತುದಿಯಿಂದ ಬೆನ್ನು, ಎದೆ ತೆಗೀತೀನಿ. ಚುಚ್ಚದ ಹಾಗೆ ಒಳಗೆ ಹಳೇ ಹತ್ತಿ ಪಂಚೆ ಅಸ್ತರಿ ಕೊಟ್ಟರೆ ಸಾಕು, ಪಂಚೆ ನೀವೇ ತನ್ನಿ, ಒಗೆದು ಒಗೆದು ಮೆತ್ತಗಾಗಿರೋದು. ಅಪ್ಪನ್ನ ಕರ್ಕೊಂಡು ಬರೋದು ಬೇಡ, ಅವರಿಗೆ ಸರಿಯಾಗೋ ಒಂದು ಅಂಗಿ ತಂದ್ರೆ ಅಳತೆ ತಗೋತೀನಿ. ಕಂಬಳಿಯನ್ನ ಬಿಸಿಲಿಗೆ ಹಾಕಿ ಚೆನ್ನಾಗಿ ಒದರಿ ತನ್ನಿ, ಗದ್ದೆ ಮಣ್ಣು ಮಿಷಿನ್ನಿಗೆ ಬಿದ್ರೆ ನನ್ನ ಕಥೆ ಮುಗೀತು. ಬಟನ್ ದೊಡ್ಡದು ಹಾಕಲಾ, ಕಟ್ಟೋ ದಾರ ಕೊಡಲಾ?

ವಿಸಿ_ನಾಲೆ_ಪಕ್ಕ:
ದಾರ ಕೊಡಿ ಅಣ್ಣ, ಚಳೀಲಿ ಬೆರಳು ಬಟನ್ ಹಿಡಿಯಕಿಲ್ಲ. ಸೋಮ್ವಾರ ಬತ್ತೀನಿ. ಆಲೆಮನೆ ಶುರುವಾಗದೆ, ಎರಡು ಅಚ್ಚು ಬೆಲ್ಲ ತತ್ತೀನಿ.